ಬೆಚ್ಚಗಿನ ಕಡಲಲ್ಲಿ ವರ್ಷದ ಬೋಟ್ ಟ್ರಿಪ್: ತಾರೀಖು ಹಾಕುವ ಮುಂಚೆ ಇದನ್ನು ಓದಿ

ಸಣ್ಣ ಔಟ್‌ಬೋರ್ಡ್ ಬೋಟ್ ಇದೆ, ವರ್ಷವಿಡೀ ಬೆಚ್ಚಗಿರುವ ಕರಾವಳಿ, ತಿಂಗಳಿಗೆ ಎರಡು ಟ್ರಿಪ್‌ನಂತೆ ಇಡೀ ವರ್ಷಕ್ಕೆ ಈಗಲೇ ತಾರೀಖು ಗುರುತು ಹಾಕಿಕೊಳ್ಳಬೇಕು, ಯಾವ ತಿಂಗಳಲ್ಲಿ ಯಾವ ಮೀನಿಗೆ ಹೋಗಲಿ ಅಂತ ಕೇಳಿದ್ದೀರಿ. ತಾರೀಖು ಹಾಕಬೇಡಿ. ಅದೇ ನನ್ನ ಉತ್ತರ, ಉಳಿದದ್ದು ಅದರ ವಿವರಣೆ ಅಷ್ಟೇ. ಶನಿವಾರ ನಿಮಗೆ ರಜೆ ಅಂತ ಕಡಲಿಗೆ ಗೊತ್ತಿರುವುದಿಲ್ಲ. ತಾರೀಖು ನಿಗದಿ ಮಾಡಿ, ಗೆಳೆಯರನ್ನೆಲ್ಲ ಕರೆದು, ಪೆಟ್ಟಿಗೆಗೆ ಐಸ್ ತುಂಬಿಸಿ ನಿಂತ ಮೇಲೆ ಗಾಳಿ ಎದ್ದರೆ, "ಇಷ್ಟು ದೂರ ಬಂದಿದ್ದೀವಲ್ಲ, ಹೋಗೇ ಬಿಡೋಣ" ಅನ್ನುವ ಮಾತು ಬಂದೇ ಬರುತ್ತದೆ. ಸಣ್ಣ ಬೋಟಿನವರು ಸಿಕ್ಕಿಹಾಕಿಕೊಳ್ಳುವುದು ಆ ಮಾತಿಗೇ.

ನಾನು ವರ್ಷದ ಪ್ಲಾನ್ ಶುರು ಮಾಡುವುದು ಹೋಗಬಾರದ ದಿನಗಳಿಗೆ ಕಾಟು ಹಾಕುವುದರಿಂದ. ಮೊದಲ ಕಾಟು ಚಂಡಮಾರುತದ ತಿಂಗಳುಗಳಿಗೆ. ಅದು ಹುಟ್ಟಿ ಬೆಳೆಯಲು ಮೇಲಿನ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಆದರೂ ಇರಬೇಕು, ಬೆಚ್ಚಗಿನ ಕಡಲಲ್ಲಿ ಅದಕ್ಕೇನು ಬರ ಇಲ್ಲ. ಭೂಮಧ್ಯರೇಖೆಗೆ ತೀರಾ ಹತ್ತಿರ ಇದ್ದರೆ ಮಾತ್ರ ಈ ಕಾಟ ಕಡಿಮೆ. ಅಟ್ಲಾಂಟಿಕ್, ಕೆರಿಬಿಯನ್ ಕಡೆ ಜೂನ್ 1ರಿಂದ ನವೆಂಬರ್ 30ರವರೆಗೆ ಈ ಕಾಲ, ಅದರಲ್ಲೂ ಸೆಪ್ಟೆಂಬರ್ ಆಸುಪಾಸು ಜೋರು. ಉತ್ತರ ಆಸ್ಟ್ರೇಲಿಯಾದಲ್ಲಿ ನವೆಂಬರ್‌ನಿಂದ ಏಪ್ರಿಲ್. ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರದಲ್ಲಿ ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ, ನಡುವಿನ ಮುಂಗಾರಂತೂ ಸಣ್ಣ ಬೋಟಿಗಲ್ಲ. ಹಾಗಂತ ಆ ತಿಂಗಳುಗಳಲ್ಲಿ ಒಂದು ದಿನವೂ ನೀರಿಗೆ ಇಳಿಯಬಾರದು ಅಂತಲ್ಲ. ದೂರದ ಟ್ರಿಪ್, ರಾತ್ರಿ ತಂಗುವ ಟ್ರಿಪ್, ಮುಂಗಡ ದುಡ್ಡು ಕಟ್ಟಬೇಕಾದ ಟ್ರಿಪ್ ಆಗ ಇಟ್ಟುಕೊಳ್ಳಬೇಡಿ ಅಂತ.

ಎರಡನೇ ಕಾಟು ಕಾನೂನಿನದು. ಹೆಚ್ಚಿನ ಕಡೆ ಮೀನು ಮೊಟ್ಟೆ ಇಡುವ ಕಾಲಕ್ಕೆ ನಿಷೇಧ ಇರುತ್ತದೆ, ಕೆಲವು ಕಡೆ ಇಡೀ ಮೀನುಗಾರಿಕೆಗೆ, ಕೆಲವು ಕಡೆ ಒಂದೊಂದು ಜಾತಿಗೆ. ಭಾರತದಲ್ಲಿ ಯಾಂತ್ರಿಕ ಬೋಟುಗಳಿಗೆ ವರ್ಷಕ್ಕೆ 61 ದಿನ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ. ಕೆರಿಬಿಯನ್ ಕಡಲಿನ ನಸ್ಸೌ ಗ್ರೂಪರ್ ಅನ್ನುವ ಮೀನು ಚಳಿಗಾಲದ ಹುಣ್ಣಿಮೆಗಳಲ್ಲಿ ಪ್ರತಿ ವರ್ಷ ಅದದೇ ಜಾಗಕ್ಕೆ ಸಾವಿರಗಟ್ಟಲೆ ಬಂದು ಸೇರಿ ಮೊಟ್ಟೆ ಇಡುತ್ತದೆ. ಜಾಗವೂ ಗೊತ್ತು, ದಿನವೂ ಗೊತ್ತು ಅಂತ ಹಿಡಿದು ಹಿಡಿದು ಎಷ್ಟೋ ಜಾಗಗಳಲ್ಲಿ ಆ ಗುಂಪುಗಳೇ ಇಲ್ಲವಾದವು. ಆದ್ದರಿಂದ "ಈ ಸಮಯದಲ್ಲಿ ಮೀನು ಸುಮ್ನೆ ಸಿಗುತ್ತೆ" ಅಂತ ಯಾರಾದರೂ ಹೇಳಿದರೆ, ಅದು ಮೊಟ್ಟೆಯ ಸಮಯವಾ ಅಂತ ಮೊದಲು ಕೇಳಿ. ಲೈಸೆನ್ಸ್, ಕನಿಷ್ಠ ಅಳತೆ, ದಿನಕ್ಕೆ ಎಷ್ಟು ಮೀನು ಅನ್ನುವ ಮಿತಿ ಎಲ್ಲ ವರ್ಷ ವರ್ಷ ಬದಲಾಗುತ್ತವೆ, ಹಳೇ ಪಟ್ಟಿ ನಂಬಬೇಡಿ.

ಇಷ್ಟು ಕಾಟು ಹಾಕಿದ ಮೇಲೆ ಉಳಿದ ದಿನಗಳ ಮೇಲೆ ಚಂದ್ರನನ್ನು ಇಡಿ. ನಿಜವಾಗಿ ವರ್ಷಕ್ಕೆ ಮುಂಚೆಯೇ ನಂಬಿಕೆಯಿಂದ ಹೇಳಬಹುದಾದದ್ದು ಇದೊಂದೇ. ಗಾಳಿ ಹೇಳಲಾಗದು, ಮೀನು ಹೇಳಲಾಗದು, ಉಬ್ಬರ ಇಳಿತ ನಿಮಿಷದ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಉಬ್ಬರ ಅತಿ ದೊಡ್ಡದು, ನೀರಿನ ಸೆಳೆತವೂ ಜಾಸ್ತಿ. ಅಷ್ಟಮಿ ಕಳೆದ ಆಸುಪಾಸು ಏರಿಳಿತ ಸಣ್ಣದು, ಸೆಳೆತ ಕಡಿಮೆ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಅಂದರೆ ವಾರಕ್ಕೆ ಹತ್ತಿರಹತ್ತಿರ ಆರು ಗಂಟೆ. ದಿನಕ್ಕೆ ಎರಡು ಉಬ್ಬರ ಬರುವ ಕರಾವಳಿಯಲ್ಲಿ ಇದರಿಂದ ಒಂದು ಅನುಕೂಲ ಇದೆ, ತುಂಬ ಜನ ಗಮನಿಸುವುದಿಲ್ಲ: ಒಂದು ಜಾಗದಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಗಂಟೆಗೆ ಬರುತ್ತದೆ. ನಿಮ್ಮ ಅಳಿವೆಯಲ್ಲಿ ಹುಣ್ಣಿಮೆಗೆ ಮಧ್ಯಾಹ್ನ ಹನ್ನೆರಡಕ್ಕೆ ನೀರು ತುಂಬಿದರೆ, ಹದಿನೈದು ದಿನ ಬಿಟ್ಟು ಅಮಾವಾಸ್ಯೆಗೂ ಮಧ್ಯಾಹ್ನದ ಹೊತ್ತಿಗೇ ತುಂಬುತ್ತದೆ, ನಡುವಿನ ಅಷ್ಟಮಿಗೆ ಬೆಳಗ್ಗೆ ಆರರ ಸುಮಾರಿಗೆ. ಇದು ಗೊತ್ತಾದರೆ ಬೆಳಗ್ಗೆ ಹೊತ್ತು ಅನುಕೂಲದ ನೀರು ಯಾವ ವಾರಗಳಲ್ಲಿ ಅಂತ ಇಡೀ ವರ್ಷಕ್ಕೆ ಪೆನ್ಸಿಲ್‌ನಲ್ಲಿ ಗುರುತು ಮಾಡಬಹುದು. ದಿನಕ್ಕೆ ಒಂದೇ ಉಬ್ಬರ ಬರುವ ಕರಾವಳಿಗಳೂ ಇವೆ, ಮೆಕ್ಸಿಕೋ ಕೊಲ್ಲಿಯಲ್ಲಿ ಕೆಲವು ಕಡೆ ಹಾಗೆ. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಉಬ್ಬರ ಇಳಿತದ ಸಮಯದ ಪಟ್ಟಿ (ಟೈಡ್ ಟೇಬಲ್) ಮಾತ್ರ ನೋಡಿ.

ಆ ಗುರುತಿನಿಂದ ಏನು ಪ್ರಯೋಜನ ಅಂದರೆ, ನದಿ ಕಡಲಿಗೆ ಸೇರುವ ಅಳಿವೆ ದಾಟುವುದು. ಸಣ್ಣ ಬೋಟಿಗೆ ಇಡೀ ಟ್ರಿಪ್‌ನಲ್ಲಿ ಅತಿ ಕಷ್ಟದ ಜಾಗ ಅದೇ. ಇಳಿತದ ನೀರು ಹೊರಗೆ ಓಡುತ್ತಿರುವಾಗ ಎದುರಿನಿಂದ ಕಡಲಲೆ ಬಂದರೆ ಅಲೆ ಕುಗ್ಗಿ, ಎದ್ದು, ಕಡಿದಾಗಿ ಒಡೆಯುತ್ತದೆ. ಹೊರಗೆ ನೋಡಿದರೆ ಕಡಲು ಶಾಂತ, ಅಳಿವೆಯಲ್ಲಿ ಮಾತ್ರ ಬಿಳಿ ನೊರೆ. ಅದಕ್ಕೇ ನಾನು ಟ್ರಿಪ್‌ಗೆ ಆರಿಸುವುದು ಬೆಳಗಿನ ಜಾವ ಐದರ ಸುಮಾರಿಗೆ ಇಳಿತ ತಳಮುಟ್ಟುವ ದಿನಗಳನ್ನು. ಆರು ಆರೂವರೆಗೆ ನೀರು ಏರಲು ಶುರುವಾದ ಮೇಲೆ ಹೊರಟರೆ, ಹತ್ತೂವರೆ ಹನ್ನೊಂದಕ್ಕೆ ಏರುನೀರಿನ ಜೊತೆಗೇ ಒಳಗೆ ಬರಬಹುದು. ಒಳಗೆ ಬರುವಾಗ ಹೊರಗಡೆಯೇ ಹತ್ತು ಹದಿನೈದು ನಿಮಿಷ ನಿಂತು ಅಲೆಗಳನ್ನು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಮೂರು ನಾಲ್ಕು ಒಟ್ಟಿಗೆ, ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಒಂದು ಅಲೆಯ ಬೆನ್ನು ಹಿಡಿದು, ಅದರ ತಲೆ ದಾಟದ ಹಾಗೆ, ಹಿಂದಿನ ಅಲೆ ನಿಮ್ಮನ್ನು ಹಿಡಿಯದ ಹಾಗೆ, ಕೈ ಥ್ರಾಟಲ್ ಮೇಲೇ ಇಟ್ಟುಕೊಂಡು ಬನ್ನಿ. ಅಲೆ ದಾಟಿ ಮುಂದೆ ಹೋದಿರೋ, ಬೋಟಿನ ಮೂಗು ನೀರಿಗೆ ಚುಚ್ಚಿಕೊಂಡು ಬೋಟ್ ಅಡ್ಡ ತಿರುಗುತ್ತದೆ. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡಿರಬೇಕು, ಸೀಟಿನ ಕೆಳಗೆ ಇದ್ದರೆ ಸಾಲದು.

ಬೆಳಗ್ಗೆಯೇ ಮುಗಿಸಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಗಾಳಿ. ಬಿಸಿ ಕರಾವಳಿಯಲ್ಲಿ ಮುಂಜಾನೆ ನೆಲದ ಕಡೆಯಿಂದ ಮೆಲ್ಲನೆ ಗಾಳಿ ಇರುತ್ತದೆ, ಕಡಲು ಎಣ್ಣೆ ಸವರಿದ ಹಾಗೆ ಇರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ, ಮಧ್ಯಾಹ್ನಕ್ಕೆ ಚೆನ್ನಾಗಿಯೇ ಜೋರಾಗುತ್ತದೆ. ಎಂಟು ಹತ್ತು ನಾಟ್ (ಗಂಟೆಗೆ ಸುಮಾರು 15-18 ಕಿಲೋಮೀಟರ್) ಗಾಳಿಗೆ ಅಲೆಯ ತಲೆಯ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಾಣಿಸುತ್ತದೆ, ಅದು ನಿಮಗೆ ಬಿಟ್ಟಿ ಎಚ್ಚರಿಕೆ. ಎಲ್ಲಿ ನೋಡಿದರೂ ಬಿಳಿ ಅಂದರೆ ಗಾಳಿ ಹದಿನೈದು ನಾಟ್ ಹತ್ತಿರ ಬಂದಿದೆ ಅಂತ ಅರ್ಥ, ಸಣ್ಣ ಬೋಟಿಗೆ ಸಾಕು, ವಾಪಸ್ ಬನ್ನಿ. ಮುನ್ಸೂಚನೆ ನೋಡುವಾಗ ಅಲೆಯ ಎತ್ತರ ಮಾತ್ರ ನೋಡಬೇಡಿ, ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. ಒಂದು ಮೀಟರ್ ಅಲೆ ಹನ್ನೆರಡು ಸೆಕೆಂಡಿಗೊಂದು ಬಂದರೆ ಆಳದ ನೀರಲ್ಲಿ ಬೋಟ್ ಮೆಲ್ಲಗೆ ಏರಿ ಇಳಿಯುತ್ತದೆ ಅಷ್ಟೇ. ಅದೇ ಒಂದು ಮೀಟರ್ ನಾಲ್ಕು ಸೆಕೆಂಡಿಗೊಂದು ಬಂದರೆ ಸೊಂಟ ಮುರಿಯುತ್ತದೆ. (ಆ ಉದ್ದನೆಯ ಅಲೆಯೇ ಅಳಿವೆಯಲ್ಲಿ ಎದ್ದು ನಿಲ್ಲುತ್ತದೆ ಅನ್ನುವುದು ಬೇರೆ ಮಾತು.) ಮೂರು ದಿನದ ಮುನ್ಸೂಚನೆಯನ್ನು ಹೆಚ್ಚುಕಡಿಮೆ ನಂಬಬಹುದು, ವಾರದ ಆಚೆಯದ್ದು ಊಹೆ.

ಇಲ್ಲಿಗೆ ಪ್ಲಾನ್‌ಗೆ ಒಂದು ಆಕಾರ ಬರುತ್ತದೆ. ತಿಂಗಳಿಗೆ ಎರಡು ತಾರೀಖು ಬದಲು ಎರಡು ಕಿಟಕಿ ಇಟ್ಟುಕೊಳ್ಳಿ, ಒಂದೊಂದೂ ನಾಲ್ಕೈದು ದಿನದ್ದು, ನೀರಿನ ಸಮಯ ಹೊಂದುವಂಥದ್ದು. ಹೊರಡುವ ದಿನ ತೀರ್ಮಾನ ಆಗುವುದು ಎರಡು ದಿನ ಮುಂಚೆ. ಪ್ರತಿ ಕಿಟಕಿಗೂ ಎರಡು ಪ್ಲಾನ್: ಒಂದು ಹೊರಗಿನದು, ಇನ್ನೊಂದು ಒಳಗಿನದು. ಗಾಳಿ ಇಲ್ಲದಿದ್ದರೆ ಹೊರಗಿನ ಬಂಡೆಸಾಲಿಗೆ ಹೋಗಿ. ಗಾಳಿ ಇದ್ದರೆ ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಾಲುವೆ, ದ್ವೀಪದ ಮರೆ. ಒಳಗಿನ ಪ್ಲಾನ್ ಅಂದರೆ ಸೋಲು ಅಂತ ತುಂಬ ಜನ ಅಂದುಕೊಂಡಿದ್ದಾರೆ, ನನಗಂತೂ ಅದೇ ಹೆಚ್ಚು ಇಷ್ಟ. ಬೇರುಗಳ ನಡುವೆ ಅಡಗಿದ ಸಣ್ಣ ಮೀನು ನೀರು ಇಳಿಯುವಾಗ ಹೊರಗೆ ಬರಲೇಬೇಕು, ದೊಡ್ಡದು ಕಾಲುವೆಯ ಬಾಯಲ್ಲಿ ಕಾದಿರುತ್ತದೆ. ಸೆಳೆತ ಜೋರಿರುವ ಹುಣ್ಣಿಮೆಯ ದಿನಗಳನ್ನು ನಾನು ಕಾಲುವೆಗೆ ಇಡುತ್ತೇನೆ. ಆಳದಲ್ಲಿ ಬಂಡೆಯ ಮೇಲೆ ಗಾಳ ಬಿಡುವುದಕ್ಕೆ ಅಷ್ಟಮಿಯ ವಾರ ಒಳ್ಳೆಯದು, ಸೆಳೆತಕ್ಕೆ ಗಾಳಕ್ಕೆ ಕಟ್ಟಿದ ಭಾರದ ಗುಂಡು ಎತ್ತೆತ್ತಲೋ ಹೋಗುವುದಿಲ್ಲ. ಇಳಿತದ ಆರು ಗಂಟೆಯಲ್ಲಿ ಮೂರನೇ, ನಾಲ್ಕನೇ ಗಂಟೆಯಲ್ಲೇ ಅರ್ಧದಷ್ಟು ನೀರು ಹೋಗಿಬಿಡುತ್ತದೆ, ಹಾಗಾಗಿ ಕಾಲುವೆಯ ತುದಿಯಲ್ಲಿ ಮೀನು ಕಚ್ಚುತ್ತಿದೆ ಅಂತ ಕೂತರೆ ಬೋಟ್ ಕೆಸರಿನ ಮೇಲೆ ಕೂರುತ್ತದೆ, ಮುಂದಿನ ಉಬ್ಬರದವರೆಗೆ ನೀವೂ ಕೂರಬೇಕು, ಸೊಳ್ಳೆಗಳ ಜೊತೆ.

ಯಾವ ತಿಂಗಳು ಯಾವ ಮೀನು ಅಂತ ಕೇಳಿದ್ದಿರಿ. ಎಲ್ಲ ಕರಾವಳಿಗೂ ಒಂದೇ ಪಟ್ಟಿ ಇರಲಾರದು, ಆದರೆ ನೀರಿನ ಬಿಸಿ ನೋಡಿದರೆ ಅಂದಾಜು ಸಿಗುತ್ತದೆ. ಅತಿ ಸೆಕೆಯ ತಿಂಗಳಲ್ಲಿ ತೆಳು ನೀರು ಕಾದು ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಮೀನು ಆಳಕ್ಕೋ ಸೆಳೆತ ಇರುವ ಕಡೆಗೋ ಸರಿಯುತ್ತದೆ. ಆಗ ಮುಂಜಾನೆ, ಮುಸ್ಸಂಜೆ ಮಾತ್ರ ಕೆಲಸ, ನಡುಹಗಲು ಸುಮ್ನೆ ಸುಡಿಸಿಕೊಳ್ಳುವುದು. ಜೋರು ಮಳೆಯಾದ ಮೇಲೆ ನದಿಯ ಕೆಂಪು ನೀರು ಕಡಲಿಗೆ ಬಂದು ಒಂದು ಗೆರೆ ಎಳೆದ ಹಾಗೆ ನಿಲ್ಲುತ್ತದೆ, ಆ ಗೆರೆಯ ಅಂಚಿನ ತಿಳಿನೀರಿನ ಬದಿಯಲ್ಲಿ ಗಾಳ ಎಳೆಯಿರಿ. ಅಂಜಲ್, ಟ್ಯೂನಾ ತರಹದವು ಬಂಗುಡೆ, ಬೂತಾಯಿಯಂಥ ಸಣ್ಣ ಮೀನಿನ ಹಿಂದೆ ಓಡಾಡುತ್ತವೆ, ಸಣ್ಣದು ಎಲ್ಲಿ ಅಂತ ಹಕ್ಕಿಗಳು ಹೇಳುತ್ತವೆ. ಮಾಹಿಮಾಹಿ ತೇಲುವ ಮರದ ದಿಮ್ಮಿ, ಪಾಚಿಯ ಸಾಲಿನ ಕೆಳಗೆ ನಿಲ್ಲುತ್ತದೆ, ಆಳ ನೀರಿನಲ್ಲಿ ಒಂದು ಹಲಗೆ ಕಂಡರೂ ಸುತ್ತು ಹಾಕದೆ ಬರಬೇಡಿ.

ಹವಳದ ಬಂಡೆಗಳ ನಡುವೆ ಓಡಾಡುವುದಿದ್ದರೆ ಆ ಟ್ರಿಪ್‌ಗೆ ಮಾತ್ರ ಬೆಳಗಿನ ನಿಯಮ ಬದಲಿಸಬೇಕು. ಸೂರ್ಯ ಮೇಲೇರಿ ನಿಮ್ಮ ಬೆನ್ನ ಹಿಂದೆ ಇರಬೇಕು, ಪೋಲರೈಸ್ಡ್ ಕನ್ನಡಕ ಇರಬೇಕು. ಗಾಢ ನೀಲಿ ಅಂದರೆ ಆಳ, ತಿಳಿ ಹಸಿರು ಅಂದರೆ ಮರಳಿನ ತೆಳು ನೀರು, ಕಂದು ಅಂದರೆ ಬಂಡೆ ಕೈಗೆ ಸಿಗುವಷ್ಟು ಹತ್ತಿರ. ಸೂರ್ಯ ಎದುರಿಗಿದ್ದರೆ ಮೂರೂ ಒಂದೇ ಬೆಳ್ಳಿ ಬಣ್ಣ. ಲಂಗರನ್ನು ಮರಳಿನಲ್ಲೇ ಬಿಡಿ, ಹವಳದ ಮೇಲೆ ಬೇಡ.

ಕಾಟು ಹಾಕಿದ ತಿಂಗಳುಗಳು ಎಂಜಿನ್‌ಗೆ. ಪ್ರತಿ ಟ್ರಿಪ್ ಆದ ಮೇಲೆ ಸಿಹಿನೀರಲ್ಲಿ ತೊಳೆಯುವುದು ಇದ್ದೇ ಇದೆ, ಬಿಡುವಿನಲ್ಲಿ ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ (ಇಂಪೆಲ್ಲರ್), ಗೇರ್ ಎಣ್ಣೆ, ಇಂಧನ ಫಿಲ್ಟರ್ ಬದಲಿಸಿ. ಎಂಜಿನ್ ಲೋಹದ ಬದಲು ತಾನು ಸವೆದುಹೋಗುವ ಲೋಹದ ತುಂಡು (ಆನೋಡ್) ಅರ್ಧ ಸವೆದಿದ್ದರೆ ಅದನ್ನೂ. ಬೆಚ್ಚಗಿನ ನೀರಲ್ಲಿ ಬೋಟಿನ ತಳಕ್ಕೆ ಚಿಪ್ಪು ಕಟ್ಟುವುದು ತುಂಬ ಬೇಗ, ತಳ ಒರಟಾದರೆ ಇಂಧನ ಜಾಸ್ತಿ ಕುಡಿಯುತ್ತದೆ. ಇಂಧನದ ಲೆಕ್ಕ ಎಲ್ಲರೂ ಹೇಳುವುದೇ: ಹೋಗಲು ಮೂರರಲ್ಲೊಂದು ಪಾಲು, ಬರಲು ಒಂದು, ಇನ್ನೊಂದನ್ನು ಮುಟ್ಟಬೇಡಿ. ವಿಎಚ್‌ಎಫ್ ರೇಡಿಯೋ ಇರಲಿ, ತುರ್ತಿಗೆ ಚಾನೆಲ್ 16. ಫೋನ್ ಸಿಗ್ನಲ್ ನಂಬಿ ಹೋಗಬೇಡಿ. ದೂರ ಹೋಗುವವರಾದರೆ ಉಪಗ್ರಹದ ಮೂಲಕ ತುರ್ತು ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಬೀಕನ್ ತಗೊಳ್ಳಿ. ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಸುರುಳಿ ದಾರ ಬೋಟ್ ನಡೆಸುವವರ ಮೈಗೆ ಸಿಕ್ಕಿಸಿಕೊಂಡೇ ಇರಬೇಕು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ದಡದಲ್ಲಿರುವ ಒಬ್ಬರಿಗೆ ಬರೆದು ಕೊಡಿ. ಗುಡುಗು ಕೇಳಿದರೆ ಆ ದಿನದ ಟ್ರಿಪ್ ಮುಗಿಯಿತು, ವಾದ ಬೇಡ.

ಹಿಡಿದ ಮೀನಿನ ಬಗ್ಗೆಯೂ ಪ್ಲಾನ್‌ನಲ್ಲಿ ಜಾಗ ಇರಲಿ, ಯಾಕೆಂದರೆ ಸೆಕೆಯಲ್ಲಿ ಐಸ್ ಎಷ್ಟಿದೆ ಅನ್ನುವುದೇ ಎಷ್ಟು ಮೀನು ಇಟ್ಟುಕೊಳ್ಳಬಹುದು ಅನ್ನುವ ಮಿತಿ. ಟ್ಯೂನಾ, ಬಂಗುಡೆ, ಅಂಜಲ್, ಮಾಹಿಮಾಹಿ ಬಿಸಿಲಲ್ಲಿ ಬಿದ್ದಿದ್ದರೆ ಮಾಂಸದಲ್ಲಿ ಹಿಸ್ಟಮಿನ್ ಹೆಚ್ಚುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದವರಿಗೆ ಮುಖ ಕೆಂಪಾಗಿ ತಲೆನೋವು, ಮೈಕಡಿತ. ಹವಳದ ಬಂಡೆಯ ದೊಡ್ಡ ಬರಾಕುಡಾ, ದೊಡ್ಡ ಗ್ರೂಪರ್‌ನಲ್ಲಿ ಸಿಗ್ವಾಟೆರಾ ವಿಷ ಇರಬಹುದು, ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ, ಐಸಿಗೂ ಬೆಂಕಿಗೂ ಬಗ್ಗುವುದಿಲ್ಲ. ಅಂಥ ಕಡೆ ದೊಡ್ಡದನ್ನು ಫೋಟೋ ತೆಗೆದು ಬಿಡಿ. ಬಿಡುವುದೇ ಆದರೆ ವೃತ್ತಾಕಾರದ ಸರ್ಕಲ್ ಗಾಳ ಬಳಸಿ, ಅದು ಹೆಚ್ಚಾಗಿ ಬಾಯಿಯ ಮೂಲೆಗೇ ಸಿಕ್ಕಿಕೊಳ್ಳುತ್ತದೆ, ಹೊಟ್ಟೆಗೆ ಇಳಿಯುವುದಿಲ್ಲ.

ಮೊದಲ ವರ್ಷ ಅರ್ಧದಷ್ಟು ಕಿಟಕಿಗಳು ಒಳಗಿನ ಪ್ಲಾನ್‌ನಲ್ಲೇ ಮುಗಿಯುತ್ತವೆ ಅಂತ ಇಟ್ಟುಕೊಳ್ಳಿ. ಪ್ರತಿ ಸಲ ತಿಥಿ, ಉಬ್ಬರದ ಗಂಟೆ, ಗಾಳಿ ಯಾವ ಕಡೆಯಿಂದ, ನೀರಿನ ಬಣ್ಣ, ಮೀನು ಕಚ್ಚಿದ ಗಂಟೆ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆಯಿರಿ, ಮೀನು ಸಿಗದ ದಿನದ್ದನ್ನೂ ಸೇರಿಸಿ. ಎರಡನೇ ವರ್ಷದ ಪ್ಲಾನ್ ಅದನ್ನು ನೋಡಿಯೇ ಮಾಡಿ, ನನ್ನ ಉತ್ತರ ನೋಡಿ ಅಲ್ಲ.