ಏಲಕ್ಕಿ ಬಾಳೆ ಲ್ಯಾಬಲ್ಲಿ ಮಾಡಿದ ಹೈಬ್ರಿಡ್ಡಾ?

ಸರ್, ಮಾರ್ಕೆಟ್ಟಲ್ಲಿ ಯಾರೋ ಏಲಕ್ಕಿ ಬಾಳೆ ಲ್ಯಾಬಲ್ಲಿ ಮಾಡಿದ್ದು ಅಂದ್ರು, ನಿಜಾನಾ ಅಂತ ಕೇಳಿದ್ರಲ್ಲ, ಹೈಬ್ರಿಡ್ ಹೌದು, ಲ್ಯಾಬ್ ಎಲ್ಲಾ ಸುಳ್ಳು. ಮ್ಯೂಸಾ ಅಕ್ಯುಮಿನಾಟಾ, ಮ್ಯೂಸಾ ಬಾಲ್ಬಿಸಿಯಾನಾ ಅಂತ ಎರಡು ಕಾಡುಬಾಳೆ ಜಾತಿ ತಾವಾಗೇ ಕೂಡಿ ಬಂದಿರೋದು. ಮೊದಲನೇದು ಎ, ಎರಡನೇದು ಬಿ ಅಂತ ಲೆಕ್ಕ, ಒಂದೊಂದು ಅಕ್ಷರ ಅಂದ್ರೆ ಆ ಜಾತಿಯ ಒಂದು ಕ್ರೋಮೋಸೋಮ್ ಸೆಟ್ಟು, ಏಲಕ್ಕಿ ಎಬಿ, ನಂಜನಗೂಡು ರಸಬಾಳೆ ಎಎಬಿ, ಪಚ್ಚಬಾಳೆ ಬರೀ ಎಎಎ. ಡಿಎನ್‌ಎಲಿ ಹೆಂಗೆ ಗೊತ್ತಾಗುತ್ತೆ ಅಂದ್ರಿ, ಇದೇ ಮಜಾ ಇರೋದು, ಬಾಳೆಲಿ ಕ್ಲೋರೋಪ್ಲಾಸ್ಟ್ (ಜೀವಕೋಶದೊಳಗೆ ಬಿಸಿಲಿಂದ ಆಹಾರ ಮಾಡೋ ಹಸಿರು ಭಾಗ) ಡಿಎನ್‌ಎ ತಾಯಿ ಕಡೆಯಿಂದ ಬರುತ್ತೆ, ಜೀವಕೋಶಕ್ಕೆ ಶಕ್ತಿ ಕೊಡೋ ಮೈಟೋಕಾಂಡ್ರಿಯಾದ್ದು ತಂದೆ ಕಡೆಯಿಂದ (ಮನುಷ್ಯರಲ್ಲಿ ಅದೂ ತಾಯಿದೇ), ಹಂಗಾಗಿ ಎರಡನ್ನೂ ಬೇರೆಬೇರೆ ನೋಡಿದ್ರೆ ಅಮ್ಮ ಯಾವ ಜಾತಿ ಅಪ್ಪ ಯಾವ ಜಾತಿ ಅಂತ ಹುಡುಕ್ಬೋದು. ಬೀಜ ಇಲ್ಲ, ಹಂಗಾಗಿ ಲ್ಯಾಬಿಂದೇ ಇರ್ಬೇಕು ಅಂತ ಅನುಮಾನ ಬೇಡ, ಹಣ್ಣು ಕುಯ್ದಾಗ ನಡುವೆ ಕಾಣೋ ಸಣ್ಣ ಕಪ್ಪು ಚುಕ್ಕೆಗಳೇ ಬೆಳೀದೆ ಉಳಿದ ಬೀಜ, ಅದಕ್ಕೇ ರೈತರು ಕಂದು ನೆಡೋದು.