ಹಂಪೀಲಿ ಲಂಬಾಣಿ ಚೀಲಕ್ಕೆ ಹೇಳಿದ ರೇಟಲ್ಲಿ ಅರ್ಧಕ್ಕೆ ಕೇಳಬಹುದಾ?

ಮೊದಲ ಸಲ ಹಂಪಿಗೆ ಹೋಗ್ತಿದೀನಿ, ಬಯಲಲ್ಲಿ ಹರಡಿಕೊಂಡು ಮಾರೋ ಚೀಲ, ಬಟ್ಟೆಗೆಲ್ಲ ಹೇಳಿದ್ದರಲ್ಲಿ ಅರ್ಧಕ್ಕೆ ಕೇಳಬೇಕಂತೆ, ನಂಗೆ ಚೌಕಾಸಿ ಬರಲ್ಲ ಏನ್ಮಾಡ್ಲಿ ಅಂತ ಕೇಳಿದೀರ. ನಮ್ಮೂರು ತುಮಕೂರು, ನಾನು ಚೌಕಾಸಿ ನೋಡಿ ಕಲಿತಿದ್ದು ಸಿದ್ಧಗಂಗೆ ದನದ ಜಾತ್ರೇಲಿ, ಅಲ್ಲಿಂದಾನೇ ಶುರು ಮಾಡ್ತೀನಿ.

ಶಿವರಾತ್ರಿ ಟೈಮಲ್ಲಿ ಮಠದ ಹತ್ರ ಜಾತ್ರೆ ಸೇರುತ್ತೆ, ಹಳ್ಳಿಕಾರ್ ಎತ್ತುಗಳನ್ನ ಎಲ್ಲೆಲ್ಲಿಂದಲೋ ಹಿಡ್ಕೊಂಡು ಬರ್ತಾರೆ. ಚಿಕ್ಕೋಳಿದ್ದಾಗ ತಾತನ ಜೊತೆ ಹೋಗ್ತಿದ್ದೆ. ತಾತ ಮೊದಲು ಎತ್ತಿನ ಹಲ್ಲು ನೋಡೋರು, ಸುಳಿ ನೋಡೋರು, ಹತ್ತು ಹೆಜ್ಜೆ ನಡೆಸಿ ನೋಡೋರು, ಅಲ್ಲೀವರೆಗೂ ರೇಟಿನ ಮಾತೇ ಇಲ್ಲ. ಆಮೇಲೆ ದಲ್ಲಾಳಿ ಬಂದು ಕೈ ಮೇಲೆ ಟವಲ್ ಹಾಕಿ ಒಳಗಡೆ ಬೆರಳು ಹಿಡಿಯೋನು, ಇಷ್ಟು ಬೆರಳು ಹಿಡಿದ್ರೆ ಇಷ್ಟು ಅಂತ ಲೆಕ್ಕ, ಸುತ್ತ ನಿಂತಿರೋ ಜನಕ್ಕೆ ಟವಲ್ ಅಲ್ಲಾಡೋದು ಮಾತ್ರ ಕಾಣೋದು. ಮಾರೋನು ಎಷ್ಟಕ್ಕೆ ಇಳಿದ ಅನ್ನೋದು ಊರಿಗೆಲ್ಲ ಗೊತ್ತಾಗಬಾರದು ಅಲ್ವಾ, ಅವನು ಇನ್ನೊಬ್ಬರ ಹತ್ರಾನೂ ವ್ಯಾಪಾರ ಮಾಡಬೇಕು. ಒಪ್ಪಿಕೊಂಡು ಮುಂಗಡ ಕೈಗೆ ಬಿತ್ತು ಅಂದ್ರೆ ಮುಗೀತು, ಆಮೇಲೆ ಬೇಡ ಅನ್ನೋ ಹಾಗಿಲ್ಲ.

ಹಂಪೀಲೂ ನೀವು ಹಾಗೇ ಮಾಡಿ, ಮೊದಲು ಮಾಲು ನೋಡಿ. ಚೀಲದ ಒಳಭಾಗ ಹೊರಗೆ ಬರೋ ಹಾಗೆ ಮಗುಚಿ, ಅಸ್ತರಿದ್ರೆ ಅಂಚಲ್ಲಿ ಇಣುಕಿ ನೋಡಿ. ಕೈಹೊಲಿಗೆ ಆದ್ರೆ ಅಲ್ಲಲ್ಲಿ ಗಂಟು ಕಾಣುತ್ತೆ, ಒಂದು ಬಣ್ಣದ ದಾರ ಮುಗಿದು ಇನ್ನೊಂದು ಶುರುವಾಗಿರೋದು ಕಾಣುತ್ತೆ, ಒಂದು ಹೊಲಿಗೆ ಬಿಗಿ ಇನ್ನೊಂದು ಸ್ವಲ್ಪ ಸಡಿಲ ಇರುತ್ತೆ. ಮಿಷಿನ್ದಾದ್ರೆ ಹಿಂದೆ ಪೂರ್ತಿ ಒಂದೇ ಸಮ, ಒಂದೇ ಬಣ್ಣದ ದಾರ ಓಡಿರುತ್ತೆ. ಕನ್ನಡಿ ಚೂರನ್ನ ಉಗುರಲ್ಲಿ ಮೆಲ್ಲಗೆ ಅಲ್ಲಾಡಿಸಿ, ಸುತ್ತ ದಾರ ಹೆಣೆದು ಕೂರಿಸಿದ್ರೆ ಗಟ್ಟಿ ಇರುತ್ತೆ, ಗಮ್ಮಲ್ಲಿ ಅಂಟಿಸಿದ್ರೆ ಗೊತ್ತಾಗೋಗುತ್ತೆ. ಮಿಷಿನ್ ಮಾಲು ಹೋಲ್‌ಸೇಲಲ್ಲಿ ತಂದು ಮಾರೋದು, ಅದಕ್ಕೆ ಅರ್ಧಕ್ಕೇ ಕೇಳಿ, ಧಾರಾಳವಾಗಿ ಕೇಳಿ. ಕೈಹೊಲಿಗೇದು, ಹೊಲಿದೋರೇ ಕೂತು ಮಾರ್ತಿದಾರೆ ಅಂದ್ರೆ ಮಾತ್ರ ಅರ್ಧಕ್ಕೆ ಕೇಳಬೇಡಿ, ನಂಗಂತೂ ಅದು ತಪ್ಪು ಅನ್ಸುತ್ತೆ. ಎರಡು ಪೀಸ್ ತಗೊಂಡು ಒಟ್ಟಿಗೆ ಎಷ್ಟಕ್ಕೆ ಕೊಡ್ತೀರಕ್ಕ ಅಂತ ಕೇಳಿ, ಅವರೇ ಇಳಿಸ್ತಾರೆ.

2023ರಲ್ಲಿ ಹಂಪೀಲಿ ಜಿ20 ಸಭೆ ಆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1755 ಐಟಂ ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದ್ರು. ಅಷ್ಟು ದೊಡ್ಡ ಕೆಲಸ ಅದು, ಗೂಡಂಗಡೀಲಿ ನೇತಾಡ್ತಿದೆ ಅಂತ ಅಗ್ಗ ಅನ್ಕೋಬೇಡಿ.

ನಾನೇ ಒಂದ್ಸಲ ತಪ್ಪು ಮಾಡಿದೀನಿ. 1200 ಹೇಳಿದ್ರು, 700ಕ್ಕೆ ಕೊಡ್ತೀರಾ ಅಂದೆ. ಆಯಮ್ಮ ಸ್ವಲ್ಪ ಹೊತ್ತು ಚೀಲಾನೇ ನೋಡ್ತಾ ಇದ್ದು ತಗೊಳ್ಳವ್ವ ಅಂದ್ರು. ಇಷ್ಟು ಬೇಗ ಒಪ್ಪಿದ್ರಲ್ಲ, ಮುಂದಿನ ಅಂಗಡೀಲಿ ಇನ್ನೂ ಕಮ್ಮಿಗೆ ಸಿಗುತ್ತೇನೋ ಅನ್ನಿಸಿ ಬೇಡ ಬಿಡಿ ಅಂತ ಎದ್ದುಬಿಟ್ಟೆ. ಅಷ್ಟೊತ್ತಿಗೆ ಅವರು ಚೀಲದೊಳಗೆ ತುಂಬಿದ್ದ ಪೇಪರ್ ತೆಗೆದು, ಮಡಿಸಿ, ಕವರ್‌ಗೆ ಹಾಕಿದ್ರು. ಅದನ್ನ ವಾಪಸ್ ತೆಗೆದು, ಪೇಪರ್ ಮತ್ತೆ ಉಂಡೆ ಮಾಡಿ ಒಳಗೆ ತುರುಕಿ, ಇದ್ದ ಜಾಗಕ್ಕೇ ನೇತು ಹಾಕಿದ್ರು, ಒಂದು ಮಾತೂ ಆಡಲಿಲ್ಲ. ತಾತ ಜೊತೇಲಿದ್ದಿದ್ರೆ ಅಲ್ಲೇ ಬೈದಿರೋರು. ಮಾರನೇ ದಿನ ಬೆಳಿಗ್ಗೆ ಹುಡುಕಿಕೊಂಡು ಹೋದೆ, ಅವರು ಬಂದಿರಲಿಲ್ಲ. ಅದಕ್ಕೇ ಹೇಳ್ತಿದೀನಿ, ತಗೊಳ್ಳೋ ಮನಸ್ಸಿಲ್ಲ ಅಂದ್ರೆ ರೇಟ್ ಬಾಯಿಂದ ಬಿಡಲೇಬೇಡಿ, ಸುಮ್ನೆ ಚೆನ್ನಾಗಿದೆ ಅಂದು ಮುಂದೆ ಹೋಗಿ.

ರೇಟ್ ಅಂದಾಜೇ ಇಲ್ಲ ಅಂದ್ರೆ ಹೋಗೋಕೆ ಮುಂಚೆ ಕಾವೇರಿ ಎಂಪೋರಿಯಂಗೆ ಒಂದು ರೌಂಡ್ ಹೋಗಿ ಬನ್ನಿ, ಸರ್ಕಾರದ್ದು, ಫಿಕ್ಸೆಡ್ ರೇಟು. ಬೋಣಿ ಆಗದೇ ಇರೋರ ಹತ್ರ ತುಂಬಾ ಎಳೆದಾಡಬೇಡಿ. ಚಿಲ್ಲರೆ ಇಟ್ಕೊಳ್ಳಿ. ಇನ್ನೊಂದು ದಿನ ಕೈಲಿದ್ರೆ ಹೊಸಪೇಟೆಯಿಂದ ಸಂಡೂರು ಸುಮಾರು 30 ಕಿ.ಮೀ. ಅಷ್ಟೇ, ಹೋಗಿ, ಹೊಲಿಯೋದನ್ನೇ ಕೂತು ನೋಡಿ ತಗೊಳ್ಳಿ.