ಹಿಂಡಿ ಖಾರ ಎನ್ನುವ ಮಗ, ಜೇಬಿನಲ್ಲಿ ಸಿಕ್ಕ ಪಾಕೀಟು

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಬಟ್ಟೆ ಒಗೆಯುವಾಗ ಪ್ಯಾಂಟಿನ ಜೇಬಿನಲ್ಲಿ ಎರಡು ಪಾಕೀಟು ಸಿಕ್ಕವು, ಒಂದು ಪಾನ್ ಮಸಾಲಾ, ಇನ್ನೊಂದು ತಂಬಾಕು. ಕೇಳಿದರೆ ಗೆಳೆಯಂದು ಅಂದ. ಅವರಪ್ಪನಿಗೆ ಹೇಳಿದೆ, ಬೆಲ್ಟಿನಿಂದ ಹೊಡೆದರು. ಈಗ ಯಾರ ಜೊತೆಯೂ ಮಾತಿಲ್ಲ. ಊಟಾನೂ ಸರಿಯಾಗಿಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ) ಇಲ್ಲದೆ ರೊಟ್ಟಿ ಮುಟ್ಟದವನು ಒಂದು ತಿಂಗಳಿಂದ ಖಾರ ಖಾರ ಅಂತ ಹಾಲಿನಲ್ಲಿ ಮುರಿದು ತಿನ್ನುತ್ತಾನೆ. ನಮ್ಮ ಮನೆಯವರೂ ಇಪ್ಪತ್ತು ವರ್ಷದಿಂದ ಸುಣ್ಣ ತಂಬಾಕು ತಿಕ್ಕಿ ಹಾಕುವವರೇ. ಏನು ಮಾಡಲಿ?
– ಒಬ್ಬ ತಾಯಿ, ಚಿತ್ತಾಪುರ ತಾಲ್ಲೂಕು

ಉತ್ತರ: ಅಕ್ಕಾ, ಪಾಕೀಟಿನ ಮಾತು ಆಮೇಲೆ. ಮೊದಲು ಆ ಹಿಂಡಿ.

ನಿನ್ನೆವರೆಗೆ ತಿಂದ ಖಾರ ಇವತ್ತು ಬಾಯಿ ಉರಿಸುತ್ತಿದೆ ಅಂದರೆ ಸುಮ್ನೆ ಬಿಡಬೇಡಿ. ಬರೀ ಬಾಯಿಹುಣ್ಣೂ ಇರಬಹುದು. ಆದರೆ ಅಡಿಕೆ, ಗುಟ್ಕಾ ಅಗಿಯುವವರಿಗೆ ಕೆನ್ನೆಯ ಒಳಚರ್ಮ ಬಿಳಚಿ ಗಟ್ಟಿಯಾಗುತ್ತಾ ಹೋಗುವ ಒಂದು ರೋಗವಿದೆ, ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ, ಅದು ಶುರುವಾಗುವುದೇ ಹೀಗೆ ಖಾರ ತಡೆಯದೆ, ಆಮೇಲೆ ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ. ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ. ಅವನದೇ ಮೂರು ಬೆರಳು ನೆಟ್ಟಗೆ ಜೋಡಿಸಿ ಹಲ್ಲುಗಳ ನಡುವೆ ಇಡಲು ಹೇಳಿ. ಹಿಡಿಯದಿದ್ದರೆ ತಡ ಮಾಡಬೇಡಿ. ಹಿಡಿದರೂ ಉರಿ ಇದೆಯಲ್ಲ, ಈ ವಾರವೇ ಸರ್ಕಾರಿ ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ತೋರಿಸಿ. ಇದಕ್ಕೆ ಮುಖ್ಯ ಕಾರಣ ಅಡಿಕೆ. ಹಾಗಾಗಿ ತಂಬಾಕು ಬಿಟ್ಟು ಬರೀ ಸಿಹಿ ಸುಪಾರಿ ತಿಂತೀನಿ ಅಂದರೂ ಒಪ್ಪಬೇಡಿ.

ಹೊಡೆದರೆ ಅವನು ತಂಬಾಕು ಬಿಡುವುದಿಲ್ಲ, ಜೇಬು ಬದಲಾಯಿಸುತ್ತಾನೆ ಅಷ್ಟೇ. ಯಾವ ಹೊತ್ತಿಗೆ ಬೇಕು ಅನ್ನಿಸುತ್ತದೆ ಅಂತ ಮೆತ್ತಗೆ ಕೇಳಿ. ಶಾಲೆ ಬಿಟ್ಟ ಮೇಲೋ, ಬಸ್ ಸ್ಟ್ಯಾಂಡಿನಲ್ಲೋ, ಗೆಳೆಯರ ಜೊತೆ ಕೂತಾಗಲೋ. ಆ ಹೊತ್ತಿಗೆ ಅಗಿಯಲು ಜೇಬಿನಲ್ಲಿ ಪುಟಾಣಿ (ಹುರಿಗಡಲೆ) ಇರಲಿ. ಬಿಟ್ಟ ಮೊದಲ ಎರಡು ಮೂರು ದಿನ ಸಿಡಿಮಿಡಿ ಜಾಸ್ತಿ, ನಿದ್ದೆ ಬರಲ್ಲ, ಓದು ತಲೆಗೆ ಹತ್ತಲ್ಲ. ಕೆಲವು ವಾರದಲ್ಲಿ ಇಳಿಯುತ್ತದೆ. ಆಗ ಮನೆಯಲ್ಲಿ ಯಾರೂ ಅವನ ಮೇಲೆ ರೇಗಬಾರದು.

ಇನ್ನು ಅಪ್ಪ. ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಚಿಕ್ಕಂದಿನಲ್ಲಿ ಅವನನ್ನು ಪಾನ್ ಅಂಗಡಿಗೆ ತಂಬಾಕು ತರಲು ಕಳಿಸುತ್ತಿದ್ದಿರಾ? 2019ರಲ್ಲಿ ದೇಶದ 13ರಿಂದ 15 ವರ್ಷದ ಶಾಲಾ ಮಕ್ಕಳ ಸಮೀಕ್ಷೆ ಆಯಿತು. ಅದರಲ್ಲಿ ಅಗಿಯುವ ತಂಬಾಕಿನ ರುಚಿ ನೋಡಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹತ್ತು ತುಂಬುವ ಮೊದಲೇ ಶುರು ಮಾಡಿದ್ದರು. ಹತ್ತು! ಆ ವಯಸ್ಸಿನಲ್ಲಿ ಮನೆಯಲ್ಲಿ ಕಂಡದ್ದೇ ಪಾಠ ಅಲ್ವಾ? ನಿಮ್ಮ ಮನೆಯವರಿಗೆ ಬೈಯಲು ಹೇಳುತ್ತಿಲ್ಲ, ಇಪ್ಪತ್ತು ವರ್ಷದ ಚಟ ಬಿಡುವುದು ಹುಡುಗನಿಗಿಂತ ಅವರಿಗೇ ಕಷ್ಟ. ಇಬ್ಬರೂ ಒಂದೇ ದಿನ ಬಿಡಲಿ. ತಂಬಾಕು ಬಿಡಿಸುವ ಸಹಾಯವಾಣಿ 1800 112 356ಕ್ಕೆ ಇಬ್ಬರೂ ಕೂತು ಫೋನ್ ಮಾಡಲಿ, ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನಮ್ಮ ಶಾಲೆ ಗೇಟಿನ ಎದುರೇ ಡಬ್ಬಿ ಅಂಗಡಿ. ಮಕ್ಕಳಿಗೆ ಬಿಡಿ ಸಿಗರೇಟು ಕೊಡುತ್ತಾನೆ. ಹೇಳಿದರೆ ಹೊಟ್ಟೆಪಾಡು ಅನ್ನುತ್ತಾನೆ.
– ಒಬ್ಬ ಶಿಕ್ಷಕ, ಬೀದರ್ ಜಿಲ್ಲೆ

ಉತ್ತರ: ಸರ್, ನಮ್ಮ ರಾಜ್ಯದ ತಂಬಾಕು ನಿಯಂತ್ರಣ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಾಲೆಯಿಂದ 100 ಮೀಟರ್ ಒಳಗೆ ಯಾರಿಗೂ ಮಾರುವಂತಿಲ್ಲ, ಬಿಡಿ ಸಿಗರೇಟಂತೂ ಎಲ್ಲೂ ಇಲ್ಲ. ಮಕ್ಕಳಿಗೆ ತಂಬಾಕು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು ಇದೆ. ಇದನ್ನು ಅವನಿಗೆ ಒಮ್ಮೆ ಕೂರಿಸಿ ಹೇಳಿ. ಹೊಟ್ಟೆಪಾಡು ನಿಜ, ಬಿಸ್ಕತ್ತು, ಪೆನ್ನು, ನೋಟ್‌ಬುಕ್ ಮಾರಲಿ, ನಿಮ್ಮ ಮಕ್ಕಳೇ ಗಿರಾಕಿಗಳು. ಕೇಳದಿದ್ದರೆ ಮುಖ್ಯ ಗುರುಗಳು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಹಿ ಹಾಕಿದ ಪತ್ರವನ್ನು ಪೊಲೀಸ್ ಠಾಣೆಗೂ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೂ ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.